ಹಳೆಯ ಮಾದರಿ ರೈಲುಮಾರ್ಗ: ಮನೆಯಲ್ಲಿ ಪಾಲನೆ ಮತ್ತು ಮಾರ್ಪಾಟು

ನಿಜವಾದ ರೈಲುಮಾರ್ಗವನ್ನು ಗೊತ್ತಾದ ಪ್ರಮಾಣಕ್ಕೆ ಕುಗ್ಗಿಸಿ, ಹಲಗೆಯ ಮೇಲೆ ಹಳಿ, ನಿಲ್ದಾಣ, ಸೇತುವೆ, ಗುಡ್ಡ, ಊರುಗಳ ಸಮೇತ ಕಟ್ಟಿ, ವಿದ್ಯುತ್ತಿನಿಂದ ರೈಲು ಓಡಿಸುವ ರಚನೆಗೆ ಮಾದರಿ ರೈಲುಮಾರ್ಗ ಎನ್ನುತ್ತಾರೆ. ಬ್ರಿಟನ್, ಜರ್ಮನಿ, ಅಮೆರಿಕಗಳಲ್ಲಿ ಇದು ನೂರು ವರ್ಷ ದಾಟಿದ ಮನೆಹವ್ಯಾಸ. ಅಲ್ಲಿನ ಅಟ್ಟ, ನೆಲಮಾಳಿಗೆ, ಗ್ಯಾರೇಜು, ಹಿತ್ತಿಲ ಶೆಡ್ಡುಗಳಲ್ಲಿ ಮೂವತ್ತು, ನಲವತ್ತು, ಕೆಲವೆಡೆ ಅರವತ್ತು ವರ್ಷಗಳ ಹಿಂದೆ ಕಟ್ಟಿದ ಮಾರ್ಗಗಳು ಇನ್ನೂ ಉಳಿದಿವೆ. ಕಟ್ಟಿದವರಿಗೆ ವಯಸ್ಸಾಗಿದೆ, ಇಲ್ಲವೇ ಅವರು ತೀರಿಕೊಂಡು ಮಾರ್ಗ ಮಕ್ಕಳ ಕೈಗೆ ಬಂದಿದೆ. ಹೊಸದಾಗಿ ಕಟ್ಟುವುದನ್ನು ಕಲಿಸುವ ಪುಸ್ತಕಗಳು ಬೇಕಾದಷ್ಟಿವೆ. ಇರುವುದನ್ನು ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳುವುದು ಬೇರೆಯೇ ವಿದ್ಯೆ. ಕಟ್ಟುವುದಕ್ಕಿಂತ ಕಷ್ಟದ್ದು ಕೂಡ. ಮರ, ಲೋಹ, ರಬ್ಬರು, ಪ್ಲಾಸ್ಟಿಕ್, ಕಾಗದ, ಅಂಟು ಇವೆಲ್ಲ ಒಂದೇ ಹಲಗೆಯ ಮೇಲಿದ್ದರೂ ಒಂದೊಂದೂ ತನ್ನದೇ ವೇಗದಲ್ಲಿ ಹಳತಾಗುತ್ತದೆ. ಒಂದನ್ನು ಬದಲಿಸಿದರೆ ಅದನ್ನು ನೆಚ್ಚಿಕೊಂಡಿದ್ದ ಇನ್ನೊಂದು ಕೆಲಸ ನಿಲ್ಲಿಸುತ್ತದೆ. ಈ ಲೇಖನ ಮುಖ್ಯವಾಗಿ ಬ್ರಿಟನ್ನಿನ ಒಒ ಅಳತೆಯ ಮನೆಮಾರ್ಗಗಳನ್ನು ಆಧರಿಸಿದೆ.

ಹಿನ್ನೆಲೆ

ಜರ್ಮನಿಯ ಗ್ಯೋಪಿಂಗೆನ್ ಪಟ್ಟಣದ ಮ್ಯಾರ್ಕ್ಲಿನ್ ಸಂಸ್ಥೆ 1891ರ ಲೈಪ್‌ಜಿಗ್ ಮೇಳದಲ್ಲಿ ಹಳಿಗಳ ಅಗಲಕ್ಕೆ ಅಂಕಿ ಕೊಟ್ಟು, ಬಿಡಿಬಿಡಿಯಾಗಿ ಕೊಂಡು ಬೆಳೆಸಿಕೊಳ್ಳಬಹುದಾದ ರೈಲುಗಳನ್ನು ಮುಂದಿಟ್ಟಿತು. ಲಂಡನ್ನಿನ ಮಾಡೆಲ್ ರೈಲ್ವೆ ಕ್ಲಬ್ ಹುಟ್ಟಿದ್ದು 1910ರಲ್ಲಿ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲುಗಳನ್ನು ಮಾರಲು ತೊಡಗಿದ. ಅವನು ತೀರಿಕೊಂಡ ಎರಡು ವರ್ಷಕ್ಕೆ, 1938ರಲ್ಲಿ, ಅವನ ಸಂಸ್ಥೆ ಹಾರ್ನ್‌ಬಿ ಡಬ್ಲೋ ಎಂಬ ಹೆಸರಿನಲ್ಲಿ ಊಟದ ಮೇಜಿನ ಮೇಲೆ ಹಿಡಿಸುವ ವಿದ್ಯುತ್ ರೈಲನ್ನು ತಂದಿತು. ಒಒ ಅಳತೆ ಮನೆಮನೆಗೆ ಬಂದದ್ದು ಹೀಗೆ. ಇದರಲ್ಲಿ ನಿಜದ ಒಂದು ಅಡಿಗೆ ಮಾದರಿಯ 4 ಮಿಮೀ, ಅಂದರೆ 1:76.2 ಪ್ರಮಾಣ. ಹಳಿಗಳ ನಡುವಿನ ಅಂತರ ಮಾತ್ರ 16.5 ಮಿಮೀ, ಪ್ರಮಾಣಕ್ಕೆ ಸರಿಯಾಗಿ ಅದು 18.83 ಮಿಮೀ ಇರಬೇಕಿತ್ತು. ಯುರೋಪು ಮತ್ತು ಅಮೆರಿಕದ ಎಚ್‌ಒ ಅಳತೆ 1:87. ಅದರ ಹಳಿಯ ಅಂತರವೂ 16.5 ಮಿಮೀ. ಆದ್ದರಿಂದ ಎರಡೂ ಒಂದೇ ಹಳಿಯ ಮೇಲೆ ಓಡುತ್ತವೆ.

ಎರಡನೆಯ ಮಹಾಯುದ್ಧದ ನಂತರ ಅಗ್ಗದ ಪ್ಲಾಸ್ಟಿಕ್ ಮೈಯ ಟ್ರೈ-ಆಂಗ್ ರೈಲುಗಳು ಬಂದವು. ಡಬ್ಲೋ 1959ರಲ್ಲಿ ಮೂರು ಕಂಬಿಯ ಹಳಿಯಿಂದ ಎರಡು ಕಂಬಿಯ ಹಳಿಗೆ ಬದಲಾದರೂ ಪೈಪೋಟಿಯಲ್ಲಿ ನಿಲ್ಲಲಾರದೆ 1964ರಲ್ಲಿ ಟ್ರೈ-ಆಂಗ್‌ನ ಒಡೆಯರ ಪಾಲಾಯಿತು. 1946ರಲ್ಲಿ ಸಿಡ್ನಿ ಪ್ರಿಚರ್ಡ್ ಸ್ಥಾಪಿಸಿದ ಪೀಕೊ ಸಂಸ್ಥೆ ಬೇಕಾದಂತೆ ಬಾಗಿಸಬಹುದಾದ ಉದ್ದನೆಯ ಹಳಿಗಳನ್ನು ಕೊಟ್ಟ ಮೇಲೆ ಆಟಿಕೆಯ ವೃತ್ತಗಳು ಹೋಗಿ ನೀಳವಾದ ತಿರುವುಗಳು ಬಂದವು. ಹಳೆಯ ಮಾರ್ಗವೊಂದು ಕೈಗೆ ಬಂದಾಗ ಅದು ಇವುಗಳಲ್ಲಿ ಯಾವ ಕಾಲದ್ದು ಎಂದು ಗುರುತಿಸುವುದು ಮೊದಲ ಕೆಲಸ. ಹಳಿ, ಗಾಲಿ, ಕೊಂಡಿ, ವೋಲ್ಟೇಜು ಎಲ್ಲವೂ ಅದರ ಮೇಲೆ ನಿಂತಿವೆ.

ತಳಹಲಗೆ

ಓಡಾಟದ ತೊಂದರೆಗಳಲ್ಲಿ ಬಹುಪಾಲು ಮೇಲೆ ಕಾಣಿಸಿಕೊಂಡರೂ ಬೇರು ಕೆಳಗಿರುತ್ತದೆ. ಬೋಗಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಳಿ ತಪ್ಪುತ್ತಿದ್ದರೆ ಗಾಲಿಯನ್ನು ದೂರುವ ಮೊದಲು ಹಲಗೆಯ ಮೇಲೆ ರಸಮಟ್ಟ ಇಟ್ಟು ನೋಡಬೇಕು. 1960–70ರ ದಶಕಗಳಲ್ಲಿ ಜನಪ್ರಿಯವಾಗಿದ್ದುದು ಚಿಪ್‌ಬೋರ್ಡ್, ಮತ್ತು ಹಳೆಯ ಪತ್ರಿಕೆಗಳ ತಿರುಳನ್ನು ಒತ್ತಿ ಮಾಡುವ ಸಂಡೀಲಾ ಹಲಗೆ. ಚಿಪ್‌ಬೋರ್ಡ್ ತುಂಬಾ ಭಾರ. ನೀರು ಸೋಕಿದರೆ ಊದಿ ಪುಡಿಯಾಗುತ್ತದೆ. ಸಂಡೀಲಾ ಮೊಳೆ ಹಿಡಿಯುವುದರಲ್ಲಿ ಮೃದು, ಸದ್ದು ತಗ್ಗಿಸುವುದರಲ್ಲಿ ಉತ್ತಮ, ಆದರೆ ಕೆಳಗೆ ಒತ್ತೊತ್ತಾಗಿ ಅಡ್ಡಪಟ್ಟಿಗಳಿಲ್ಲದಿದ್ದರೆ ವರ್ಷಗಳು ಕಳೆದಂತೆ ಜೋತುಬೀಳುತ್ತದೆ. ಜೋತ ಹಲಗೆಯನ್ನು ಮೇಲಿನಿಂದ ಸರಿಪಡಿಸಲಾಗದು. ಕೆಳಗೆ ನೇರವಾದ ಪ್ಲೈವುಡ್ ಪಟ್ಟಿಯನ್ನು ನಿಲುವಾಗಿ ಹಿಡಿದು, ಜ್ಯಾಕ್ ಇಲ್ಲವೇ ಬೆಣೆಗಳಿಂದ ಹಲಗೆಯನ್ನು ಹಲವು ದಿನಗಳ ಕಾಲ ಸ್ವಲ್ಪಸ್ವಲ್ಪವೇ ಎತ್ತಿ, ಆಮೇಲೆ ತಿರುಪು ಹಾಕಬೇಕು. ಒಂದೇ ಸಲಕ್ಕೆ ಎತ್ತಿದರೆ ಮೇಲಿನ ಬೆಸುಗೆಗಳು ಬಿಡುತ್ತವೆ, ಪ್ಲಾಸ್ಟರಿನ ಗುಡ್ಡ ಬಿರಿಯುತ್ತದೆ.

ಕೋಣೆಯೂ ಮಾರ್ಗದ ಭಾಗವೇ. ಇಂಗ್ಲೆಂಡಿನ ಹೆಂಚಿನ ಮನೆಯ ಅಟ್ಟ ಚಳಿಗಾಲದಲ್ಲಿ ಶೂನ್ಯದ ಹತ್ತಿರಕ್ಕೆ ಇಳಿದು ಬೇಸಗೆಯಲ್ಲಿ ಉರಿಯುತ್ತದೆ. ಹಳಿಗೆ ಬಳಸುವ ನಿಕಲ್ ಸಿಲ್ವರ್ ಮಿಶ್ರಲೋಹ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 17 ಭಾಗದಷ್ಟು ಹಿಗ್ಗುತ್ತದೆ. 10 ಮೀಟರ್ ನೇರಮಾರ್ಗ 30 ಡಿಗ್ರಿ ಸೆಲ್ಸಿಯಸ್ ಏರಿಳಿತಕ್ಕೆ 5 ಮಿಮೀ ಬೆಳೆದು ಕುಗ್ಗುತ್ತದೆ ಎಂದಾಯಿತು. ಮರದ ವರ್ತನೆ ಬೇರೆ: ಅದು ಶಾಖಕ್ಕಿಂತ ತೇವಕ್ಕೆ ಹೆಚ್ಚು ಸ್ಪಂದಿಸುತ್ತದೆ. ಹಳಿ ಹಿಗ್ಗುವ ಬಿಸಿ ಒಣದಿನದಲ್ಲಿ ಕೆಳಗಿನ ಮರ ಕುಗ್ಗುತ್ತಿರುತ್ತದೆ. ಕೀಲುಗಳಲ್ಲಿ ಸಂದು ಬಿಡದೆ ಎಲ್ಲವನ್ನೂ ಬೆಸೆದಿದ್ದರೆ ಹಳಿ ಹಾವಿನಂತೆ ಡೊಂಕಾಗಿ ಸ್ಲೀಪರುಗಳಿಂದ ಮೇಲೆದ್ದುಬಿಡುತ್ತದೆ. ಹಳೆಯ ಮಾರ್ಗದಲ್ಲಿ ಅಲ್ಲಲ್ಲಿ ಸಣ್ಣ ಗರಗಸದಿಂದ ಹಳಿ ಕೊಯ್ದು ಕೂದಲೆಳೆಯ ಸಂದು ಮಾಡುವುದು, ಸಂದಿನ ಎರಡೂ ಕಡೆ ಬೇರೆ ಬೇರೆ ತಂತಿಯಿಂದ ವಿದ್ಯುತ್ ಕೊಡುವುದು ಇದರ ಪರಿಹಾರ. ಇದಕ್ಕಿಂತ ದೊಡ್ಡ ಉಪಕಾರವೆಂದರೆ ಅಟ್ಟದ ಮಾಡಿಗೆ ಶಾಖನಿರೋಧಕ ಹೊದಿಕೆ ಹಾಕಿಸುವುದು, ಗ್ಯಾರೇಜಿನಲ್ಲಿ ತೇವ ಹೀರುವ ಯಂತ್ರ ಇಡುವುದು. ಮಾರ್ಗಕ್ಕೆಂದು ಖರ್ಚು ಮಾಡುವ ಹಣದಲ್ಲಿ ಮೊದಲ ಪಾಲು ಕೋಣೆಗೆ ಹೋಗಬೇಕು ಎಂಬುದು ಅನುಭವಿಗಳ ಗಟ್ಟಿಯಾದ ಅಭಿಪ್ರಾಯ. ಇದನ್ನು ಒಪ್ಪದಿರಲು ಕಾರಣವಿಲ್ಲ.

ಹಳಿ, ಪಾಯಿಂಟು, ಗಾಲಿ

ಮೊದಲ ಕಾಲದ ಹಳಿಗಳು ಉಕ್ಕು ಇಲ್ಲವೇ ಹಿತ್ತಾಳೆಯವು. ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಹಿತ್ತಾಳೆ ಕಿಲುಬುಗಟ್ಟುತ್ತದೆ, ಆ ಪದರದ ಮೂಲಕ ವಿದ್ಯುತ್ತು ಹರಿಯುವುದಿಲ್ಲ. ತಾಮ್ರ, ನಿಕಲ್, ಸತುಗಳನ್ನು ಸೇರಿಸಿದ ನಿಕಲ್ ಸಿಲ್ವರ್‌ನಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ, ಆದರೆ ಅದು ಬೇಗ ಮಾಸುವುದಿಲ್ಲ. ಹೀಗಾಗಿ ಹಳೆಯ ಉಕ್ಕಿನ ಹಳಿ ಕಿತ್ತು ಇದನ್ನು ಹಾಕುವುದು ಸಾಮಾನ್ಯವಾಗಿ ಎಲ್ಲರೂ ಮಾಡುವ ಮೊದಲ ಸುಧಾರಣೆ. ಇಲ್ಲೊಂದು ತೊಡಕಿದೆ. ಟ್ರೈ-ಆಂಗ್‌ನ ಕೆಲವು ಇಂಜಿನ್‌ಗಳಲ್ಲಿ ಮ್ಯಾಗ್ನಡೀಶನ್ ಎಂಬ ಏರ್ಪಾಡಿತ್ತು: ಅಯಸ್ಕಾಂತದ ಸೆಳೆತ ಗಾಲಿಗಳನ್ನು ಉಕ್ಕಿನ ಹಳಿಗೆ ಬಿಗಿಯಾಗಿ ಹಿಡಿದು ಎಳೆಯುವ ಶಕ್ತಿ ಹೆಚ್ಚಿಸುತ್ತಿತ್ತು. ನಿಕಲ್ ಸಿಲ್ವರ್‌ಗೆ ಅಯಸ್ಕಾಂತ ಹಿಡಿಯುವುದಿಲ್ಲ. ಹಳಿ ಹೊಸದಾದ ದಿನದಿಂದ ಅದೇ ಇಂಜಿನ್ ಅದೇ ಏರಿನಲ್ಲಿ ಗಾಲಿ ಜಾರಿಸುತ್ತ ನಿಲ್ಲುತ್ತದೆ. ಆಗ ಏರನ್ನು ತಗ್ಗಿಸಬೇಕು, ಬೋಗಿಗಳನ್ನು ಕಡಿಮೆ ಮಾಡಬೇಕು, ಇಲ್ಲವೇ ಇಂಜಿನ್ನಿನೊಳಗೆ ತೂಕ ಸೇರಿಸಬೇಕು.

ಹಳಿಯ ಎತ್ತರವೂ ಅಷ್ಟೇ ಮುಖ್ಯ. ಇಂಚಿನ ಸಾವಿರದ ಭಾಗದಲ್ಲಿ ಅದನ್ನು ಹೇಳುತ್ತಾರೆ: ಕೋಡ್ 100 ಎಂದರೆ 2.54 ಮಿಮೀ, ಕೋಡ್ 75 ಎಂದರೆ 1.9 ಮಿಮೀ. ಕೋಡ್ 75 ನೋಡಲು ನಿಜದ ಹಳಿಗೆ ಹತ್ತಿರ. ಆದರೆ ಹಳೆಯ ಗಾಲಿಗಳ ಅಂಚು ಆಳವಾಗಿರುವುದರಿಂದ ಅವು ಅದರ ಸ್ಲೀಪರಿನ ಮೇಲಿನ ಹಿಡಿಕೆಗಳಿಗೆ ತಾಗಿ ಕಟಕಟ ಎನ್ನುತ್ತ ಕುಣಿಯುತ್ತವೆ. ಗಾಲಿಗಳ ಒಳಮುಖಗಳ ನಡುವಿನ ಅಂತರ ಈಗಿನ ಒಒ ಮಾದರಿಗಳಲ್ಲಿ ಸುಮಾರು 14.5 ಮಿಮೀ, ಹಳೆಯ ಟ್ರೈ-ಆಂಗ್ ಗಾಲಿಗಳಲ್ಲಿ 14 ಮಿಮೀಗಿಂತಲೂ ಕಡಿಮೆ. ಅಂಥ ಗಾಲಿ ಹೊಸ ಪಾಯಿಂಟಿನ, ಅಂದರೆ ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗದ, ಸಂದಿಯಲ್ಲಿ ಹತ್ತಿಕೊಂಡು ನಿಲ್ಲುತ್ತದೆ. ಹೊಸ ಗಾಲಿ ಹಳೆಯ ಅಗಲ ಸಂದಿಯ ಪಾಯಿಂಟಿನಲ್ಲಿ ಕೆಳಗೆ ಬೀಳುತ್ತದೆ. ಅಜ್ಜನ ಇಂಜಿನ್ ಮತ್ತು ಮೊಮ್ಮಗಳ ಇಂಜಿನ್ ಎರಡೂ ಓಡಬೇಕಾದರೆ ಕೋಡ್ 100 ಹಳಿಯನ್ನು ಉಳಿಸಿಕೊಂಡು, ಹಳೆಯ ಗಾಲಿಗಳ ಜಾಗದಲ್ಲಿ ಈಗಿನ ಲೋಹದ ಗಾಲಿಗಳನ್ನು ಹಾಕುವುದೇ ನಡುದಾರಿ.

ತಿರುವಿನ ತ್ರಿಜ್ಯ ಹಳೆಯ ಮಾರ್ಗಗಳಿಗೆ ಬಂದೊದಗುವ ಇನ್ನೊಂದು ಗಡಿ. ಬ್ರಿಟನ್ನಿನ ಸಿದ್ಧ ಹಳಿಗಳ ಮೊದಲ ತ್ರಿಜ್ಯ 371 ಮಿಮೀ, ಎರಡನೆಯದು 438, ಮೂರನೆಯದು 505, ನಾಲ್ಕನೆಯದು 572 ಮಿಮೀ. ಅರ್ಧ ಶತಮಾನದ ಹಿಂದೆ ಚಿಕ್ಕ ಕೋಣೆಯ ಮೂಲೆಗಳಲ್ಲಿ ಮೊದಲ ತ್ರಿಜ್ಯವನ್ನೇ ಬಳಸಿದ್ದರು. ಅಂದಿನ ಇಂಜಿನ್‌ಗಳಿಗೆ ಅದು ಸಲ್ಲುತ್ತಿತ್ತು. ಈಗ ಬರುವ ದೊಡ್ಡ ಇಂಜಿನ್‌ಗಳಿಗೆ ತಯಾರಕರು ಸಾಮಾನ್ಯವಾಗಿ ಕನಿಷ್ಠ 438 ಮಿಮೀ ಕೇಳುತ್ತಾರೆ. ಹೊಸ ಇಂಜಿನ್ ಕೊಳ್ಳುವ ಮುನ್ನ ಮನೆಯ ಅತಿ ಬಿಗಿಯಾದ ತಿರುವನ್ನು ಅಳೆದುಕೊಳ್ಳದವರು ಅದನ್ನು ನಿಲ್ದಾಣದಲ್ಲಿ ನಿಲ್ಲಿಸಿ ನೋಡಿಕೊಂಡಿರಬೇಕಾಗುತ್ತದೆ. ಜೋಡಿಮಾರ್ಗ ಇದ್ದರೆ ಒಳಗಿನ ಸುತ್ತನ್ನು ಹಳೆಯ ಚಿಕ್ಕ ಇಂಜಿನ್‌ಗಳಿಗೆ ಬಿಟ್ಟು, ಅದರಿಂದ 67 ಮಿಮೀ ಹೊರಗಿರುವ ಸುತ್ತನ್ನು ಹೊಸವುಗಳಿಗೆ ಕೊಡುವುದು ಅತಿ ಕಡಿಮೆ ಒಡೆತದ ಉಪಾಯ.

ಹಳಿ ಕೀಳುವುದಕ್ಕೆ ಹೆದರಬೇಕಾಗಿಲ್ಲ. ಜಲ್ಲಿಯನ್ನು ನೀರು ಬೆರೆಸಿದ ಪಿವಿಎ ಅಂಟಿನಿಂದ, ಅಂದರೆ ನಮ್ಮಲ್ಲಿ ಫೆವಿಕಾಲ್ ಎಂದು ಪರಿಚಿತವಾದ ಬಿಳಿ ಅಂಟಿನ ಜಾತಿಯದರಿಂದ, ಕೂರಿಸಿದ್ದರೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿದ ಬೆಚ್ಚನೆಯ ನೀರು ಚಿಮುಕಿಸಿ ಅರ್ಧ ಗಂಟೆ ಬಿಟ್ಟರೆ ಅದು ಮೆತ್ತಗಾಗುತ್ತದೆ. ಅಗಲವಾದ ಚಪ್ಪಟೆ ಕರಣೆಯನ್ನು ಸ್ಲೀಪರ್ ಅಡಿಗೆ ತೂರಿಸಿ ಪಾಯಿಂಟುಗಳನ್ನು ಇಡಿಯಾಗಿ ಎತ್ತಬಹುದು. ಹಳಿಯ ಕೆಳಗೆ ಫೋಮ್ ಹಾಸಿದ್ದರೆ ಕಥೆ ಬೇರೆ: ಹಲವು ವರ್ಷಗಳಲ್ಲಿ ಅದು ತಾನಾಗಿ ಪುಡಿಯಾಗಿ, ಆ ಪುಡಿ ಇಂಜಿನ್ನಿನ ಹಲ್ಲುಚಕ್ರಗಳಿಗೆ ಸೇರುತ್ತದೆ. ಅದನ್ನು ಪೂರ್ತಿ ತೆಗೆದು ಕಾರ್ಕ್ ಹಾಸುವುದೇ ಸರಿ.

ಹಳಿ ಒರೆಸುವ ಬಗ್ಗೆ ಹವ್ಯಾಸಿಗಳಲ್ಲಿ ಮುಗಿಯದ ವಾದವಿದೆ. ಒರಟಾದ ರಬ್ಬರಿನಿಂದ ಉಜ್ಜಿದರೆ ಬೇಗ ಹೊಳೆಯುತ್ತದೆ, ಆದರೆ ಗೀರುಗಳಲ್ಲಿ ಕೊಳೆ ಮತ್ತೆ ಬೇಗ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆ ಬಹುತೇಕ ಮನೆಗಳ ಅಭ್ಯಾಸ. ಅದು ಗಾಲಿ ಮತ್ತು ಹಳಿಯ ನಡುವಿನ ಕಿಡಿಗಳಿಂದ ಕಪ್ಪು ಪದರ ಕಟ್ಟುವುದನ್ನು ತಡೆಯುವುದಿಲ್ಲ ಎಂದು ಹೇಳಿ ಇನ್ನು ಕೆಲವರು ಖನಿಜ ಎಣ್ಣೆಯ ಜಾತಿಯ ದ್ರಾವಕಗಳನ್ನು ಬಳಸುತ್ತಾರೆ, ಆಮೇಲೆ ಗ್ರಾಫೈಟ್ ಕಡ್ಡಿಯನ್ನು ತೆಳ್ಳಗೆ ಸವರುತ್ತಾರೆ. ಪ್ಲಾಸ್ಟಿಕ್ ಗಾಲಿಗಳು ಕೊಳೆಯನ್ನು ಹೊತ್ತು ಮಾರ್ಗವೆಲ್ಲ ಹರಡುತ್ತವೆ ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿದೆ. ಎಲ್ಲ ಬೋಗಿಗಳಿಗೂ ಲೋಹದ ಗಾಲಿ ಹಾಕಿ, ವಾರಕ್ಕೊಮ್ಮೆಯಾದರೂ ರೈಲು ಓಡಿಸುತ್ತಿದ್ದರೆ ಒರೆಸುವ ಕೆಲಸ ಅರ್ಧ ತಗ್ಗುತ್ತದೆ.

ತಂತಿ ಮತ್ತು ವಿದ್ಯುತ್ತು

ಹಲಗೆಯ ಕೆಳಗೆ ಇಣುಕಿದಾಗ ಎದೆ ಝಲ್ಲೆನ್ನುವುದು ಹಳೆಯ ಮಾರ್ಗಗಳ ವಿಷಯದಲ್ಲಿ ಸಾಮಾನ್ಯ. ನೂರಾರು ತಂತಿಗಳು ಒಂದೇ ಬಣ್ಣದಲ್ಲಿ, ಗುರುತುಪಟ್ಟಿಯಿಲ್ಲದೆ, ಕಟ್ಟಿದವರ ನೆನಪನ್ನೇ ನಕ್ಷೆ ಮಾಡಿಕೊಂಡು ಹರಡಿರುತ್ತವೆ. ಕಟ್ಟಿದವರು ಇದ್ದಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ತಂತಿಯೂ ಎಲ್ಲಿಂದ ಎಲ್ಲಿಗೆ ಎಂದು ಪುಸ್ತಕದಲ್ಲಿ ಬರೆದಿಡುವುದಕ್ಕೆ ಸಮನಾದ ದುರಸ್ತಿ ಇನ್ನೊಂದಿಲ್ಲ. ಅದು ಸಾಧ್ಯವಾಗದಿದ್ದರೆ ಮಲ್ಟಿಮೀಟರ್ ಹಿಡಿದು ಪ್ರತಿ ತಂತಿಯನ್ನು ಹುಡುಕಿ ಸಂಖ್ಯೆಯ ಚೀಟಿ ಅಂಟಿಸಬೇಕು. ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕುವ ಆಸೆಯನ್ನು ಗುರುತಿಸುವ ಕೆಲಸ ಮುಗಿಯುವ ತನಕ ತಡೆದುಕೊಳ್ಳುವುದು ಒಳ್ಳೆಯದು. ಎಷ್ಟೋ ಸಲ ಅವ್ಯವಸ್ಥೆ ಎನಿಸಿದ್ದರಲ್ಲಿ ಜಾಣತನದ ಕ್ರಮವೊಂದು ಇರುತ್ತದೆ.

ಸುರಕ್ಷತೆಯ ಒಂದು ಮಾತಿನಲ್ಲಿ ರಾಜಿ ಇಲ್ಲ. ಹಳೆಯ ಲೋಹದ ಡಬ್ಬಿಯ ಟ್ರಾನ್ಸ್‌ಫಾರ್ಮರ್‌ಗಳ ರಬ್ಬರು ಹೊದಿಕೆಯ ತಂತಿ ಒಣಗಿ ಬಿರಿದು, ಮನೆಯ ವಿದ್ಯುತ್ತು ನೇರವಾಗಿ ಡಬ್ಬಿಯ ಮೈಗೆ ಬರಬಹುದು. ನೆನಪಿಗಾಗಿ ಅವನ್ನು ಕಪಾಟಿನಲ್ಲಿಡಬಹುದೇ ಹೊರತು ಓಡಿಸಲು ಬಳಸಬಾರದು. ಹಳಿಗೆ ಬೇಕಾಗಿರುವುದು 12 ವೋಲ್ಟ್ ನೇರ ವಿದ್ಯುತ್ತು. ಹೊಸ ಕಂಟ್ರೋಲರ್ ಅದನ್ನು ಅಪಾಯವಿಲ್ಲದೆ ಕೊಡುತ್ತದೆ. ಮ್ಯಾರ್ಕ್ಲಿನ್‌ನ ಹಳೆಯ ರೈಲುಗಳು ಪರ್ಯಾಯ ವಿದ್ಯುತ್ತಿನವು. ದಿಕ್ಕು ಬದಲಿಸಲು ಅವಕ್ಕೆ 24 ವೋಲ್ಟಿನ ಒಂದು ಬಡಿತ ಬೇಕು. ಅವನ್ನು ಒಒ ಕಂಟ್ರೋಲರ್‌ಗೆ ಜೋಡಿಸಬಾರದು.

ಹಳೆಯ ಪಾಯಿಂಟು ಮೋಟಾರುಗಳಲ್ಲಿ ಎರಡು ಸುರುಳಿಗಳಿರುತ್ತವೆ. ಸುರುಳಿಗೆ ಕ್ಷಣಮಾತ್ರ ವಿದ್ಯುತ್ತು ಹಾಯಬೇಕು. ಸ್ವಿಚ್ಚು ಅಂಟಿಕೊಂಡು ನಿಂತರೆ ಸುರುಳಿ ಸುಟ್ಟುಹೋಗುತ್ತದೆ. ಕೆಪ್ಯಾಸಿಟರ್‌ನಲ್ಲಿ ವಿದ್ಯುತ್ತು ತುಂಬಿಟ್ಟು ಒಮ್ಮೆಲೇ ಬಿಡುವ ಚಿಕ್ಕ ಮಂಡಲವೊಂದನ್ನು ನಡುವೆ ಸೇರಿಸಿದರೆ ಬಡಿತ ಬಲವಾಗಿರುತ್ತದೆ, ಸುಡುವ ಭಯವೂ ಇಲ್ಲ. ತೀರಾ ಸವೆದ ಮೋಟಾರುಗಳ ಬದಲು ನಿಧಾನಗತಿಯ ಮೋಟಾರು ಇಲ್ಲವೇ ಆಟಿಕೆ ವಿಮಾನಗಳಲ್ಲಿ ಬಳಸುವ ಸರ್ವೊ ಹಾಕಬಹುದು.

ಅತಿ ದೊಡ್ಡ ಮಾರ್ಪಾಟೆಂದರೆ ಡಿಜಿಟಲ್ ನಿಯಂತ್ರಣ, ಅಂದರೆ ಡಿಸಿಸಿ. ಹಳೆಯ ಪದ್ಧತಿಯಲ್ಲಿ ಹಳಿಗೆ ಎಷ್ಟು ವೋಲ್ಟ್ ಕೊಟ್ಟರೆ ಅದರ ಮೇಲಿನ ಇಂಜಿನ್ ಅಷ್ಟು ವೇಗದಲ್ಲಿ ಓಡುತ್ತದೆ. ಎರಡು ಇಂಜಿನ್‌ಗಳನ್ನು ಬೇರೆ ಬೇರೆಯಾಗಿ ಓಡಿಸಲು ಮಾರ್ಗವನ್ನು ವಿಭಾಗಗಳಾಗಿ ಕೊಯ್ದು ಒಂದೊಂದಕ್ಕೂ ಸ್ವಿಚ್ಚು ಇಡಬೇಕಿತ್ತು. ಡಿಸಿಸಿಯಲ್ಲಿ ಹಳಿಯ ಮೇಲೆ ಯಾವಾಗಲೂ ಪೂರ್ತಿ ವಿದ್ಯುತ್ತು ಇರುತ್ತದೆ; ಆಜ್ಞೆಗಳು ಅದರಲ್ಲೇ ಸಂಕೇತಗಳಾಗಿ ಹರಿಯುತ್ತವೆ; ಪ್ರತಿ ಇಂಜಿನ್ನಿನಲ್ಲಿರುವ ಡಿಕೋಡರ್ ತನ್ನ ವಿಳಾಸಕ್ಕೆ ಬಂದ ಆಜ್ಞೆಯನ್ನಷ್ಟೇ ಪಾಲಿಸುತ್ತದೆ. ಜರ್ಮನಿಯ ಲೆನ್ಜ್ ಸಂಸ್ಥೆಯ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದ ಮೊದಲರ್ಧದಲ್ಲಿ ಇದಕ್ಕೆ ಮಾನಕ ರೂಪಿಸಿತು. ಆದ್ದರಿಂದ ಬೇರೆ ಬೇರೆ ತಯಾರಕರ ಸಾಧನಗಳು ಒಂದೇ ಹಳಿಯ ಮೇಲೆ ಒಟ್ಟಿಗೆ ನಡೆಯುತ್ತವೆ.

ಎರಡೇ ತಂತಿ ಸಾಕು ಎಂಬ ಜಾಹೀರಾತಿನ ಮಾತನ್ನು ಹಳೆಯ ಮಾರ್ಗದಲ್ಲಿ ನಂಬುವಂತಿಲ್ಲ. ಒಂದು ಸಣ್ಣ ಮೋಟಾರಿಗೆ ಸಾಕಾಗುತ್ತಿದ್ದ ಎಳೆಗಳು ಹಲವು ಆಂಪಿಯರ್‌ಗಳಿಗೆ ಸಾಲವು. ಹಲಗೆಯ ಕೆಳಗೆ ಸುತ್ತಲೂ 1.5 ಅಥವಾ 2.5 ಚದರ ಮಿಮೀ ದಪ್ಪದ ಮುಖ್ಯ ತಂತಿ ಎಳೆದು, ಹಳಿಯ ಪ್ರತಿ ತುಂಡಿನಿಂದ ಅದಕ್ಕೆ ಇಳಿತಂತಿ ಬೆಸೆಯಬೇಕು. ಆಮೇಲೆ ಅತಿ ದೂರದ ಜಾಗದಲ್ಲಿ ನಾಣ್ಯವೊಂದನ್ನು ಎರಡು ಹಳಿಗಳ ಮೇಲೆ ಅಡ್ಡಲಾಗಿಟ್ಟು ನೋಡುವುದು ರೂಢಿಯ ಪರೀಕ್ಷೆ: ಕೂಡಲೇ ಯಂತ್ರ ವಿದ್ಯುತ್ತು ಕಡಿದರೆ ತಂತಿ ಸಾಕಷ್ಟು ದಪ್ಪವಾಗಿದೆ, ಕಡಿಯದೆ ನಾಣ್ಯ ಬಿಸಿಯಾಗತೊಡಗಿದರೆ ಬೆಂಕಿಯ ಅಪಾಯವಿದೆ. ಹಳೆಯ ಇಂಜಿನ್‌ಗಳಲ್ಲಿ ಇನ್ನೊಂದು ಅಡ್ಡಿ. ಅವುಗಳ ಲೋಹದ ಚಾಸಿ ತಾನೇ ಒಂದು ತಂತಿಯಾಗಿ ಒಂದು ಹಳಿಗೆ ತಗುಲಿಕೊಂಡಿರುತ್ತದೆ. ಮೋಟಾರಿನ ಬ್ರಷ್ಷುಗಳನ್ನು ಚಾಸಿಯಿಂದ ಪೂರ್ತಿ ಬೇರ್ಪಡಿಸದೆ ಡಿಕೋಡರ್ ಜೋಡಿಸಿದರೆ ಅದು ಹೊಗೆಯಾಗಿ ಹೋಗುತ್ತದೆ. ಮೋಟಾರನ್ನು ಕೈಯಿಂದ ಹಿಡಿದು ನಿಲ್ಲಿಸಿದಾಗ ಅದು ಎಳೆಯುವ ವಿದ್ಯುತ್ತು ಡಿಕೋಡರ್‌ನ ಮಿತಿಯೊಳಗಿದೆಯೇ ಎಂದೂ ಅಳೆಯಬೇಕು. ಒಒ ಡಿಕೋಡರ್‌ಗಳಲ್ಲಿ ಅದು ಬಹುಮಟ್ಟಿಗೆ 1 ಆಂಪಿಯರ್ ಆಸುಪಾಸು.

ಎಲ್ಲರೂ ಡಿಜಿಟಲ್‌ಗೆ ಹೋಗಬೇಕೆಂದಿಲ್ಲ. ಐವತ್ತು ಹಳೆಯ ಇಂಜಿನ್‌ಗಳಿರುವ, ಒಬ್ಬರೇ ಓಡಿಸುವ ಮಾರ್ಗಕ್ಕೆ ಹಳೆಯ ವಿಭಾಗ ಪದ್ಧತಿಯೇ ಹಿತ. ಮೂರು ಕಂಬಿಯ ಡಬ್ಲೋ ಮಾರ್ಗವನ್ನು ಎರಡು ಕಂಬಿಗೆ ತಿರುಗಿಸುವುದಂತೂ ಅದರ ಜೀವವನ್ನೇ ತೆಗೆದಂತೆ. ತಂತಿಗಳ ಕಾಟವೇ ಬೇಡವೆಂದರೆ ಇಂಜಿನ್ನಿನೊಳಗೆ ಬ್ಯಾಟರಿ ಇಟ್ಟು ರೇಡಿಯೊ ಮೂಲಕ ಓಡಿಸುವ ದಾರಿಯೂ ಈಗಿದೆ. ದೊಡ್ಡ ಅಳತೆಗಳಲ್ಲಿ ಇದು ಸುಲಭ, ಒಒ ಅಳತೆಯಲ್ಲಿ ಜಾಗದ ಇಕ್ಕಟ್ಟಿದೆ.

ಇಂಜಿನ್ನು, ಬೋಗಿಗಳ ರೋಗಗಳು

ಹಳೆಯ ಇಂಜಿನ್ ಓಡದಿದ್ದರೆ ಮೋಟಾರು ಸತ್ತಿದೆ ಎಂದುಕೊಳ್ಳುವುದು ಬಹುತೇಕ ತಪ್ಪು. ಹತ್ತಾರು ವರ್ಷದ ಎಣ್ಣೆ ಗಟ್ಟಿಯಾಗಿ ಜಿಗುಟು ಹಿಡಿದಿರುತ್ತದೆ. ಅದನ್ನು ತೊಳೆದು ತೆಗೆದು, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ತೆಳು ಎಣ್ಣೆಯನ್ನು ಸೂಜಿಮೊನೆಯಿಂದ ಒಂದೊಂದೇ ಹನಿ ಬಿಟ್ಟು, ಕಮ್ಯುಟೇಟರ್ ಒರೆಸಿ, ಕಾರ್ಬನ್ ಬ್ರಷ್ ಬದಲಿಸಿದರೆ ಬಹಳಷ್ಟು ಇಂಜಿನ್‌ಗಳು ಎದ್ದು ಓಡುತ್ತವೆ. 1950–60ರ ದಶಕಗಳ ತೆರೆದ ಮೈಯ ಮೋಟಾರುಗಳಲ್ಲಿ ಅಯಸ್ಕಾಂತವನ್ನು ಮಾತ್ರ ಬಿಚ್ಚಬಾರದು. ಹೊರಗೆ ತೆಗೆದ ಕ್ಷಣ ಅದರ ಕಾಂತಶಕ್ತಿ ಗಣನೀಯವಾಗಿ ಇಳಿಯುತ್ತದೆ. ಬಿಚ್ಚಲೇಬೇಕಾದರೆ ಉಕ್ಕಿನ ತುಂಡನ್ನು ಅದರ ಎರಡು ತುದಿಗಳಿಗೆ ಅಡ್ಡವಿಟ್ಟು ತೆಗೆಯಬೇಕು.

ವಾಸಿಯಾಗದ ರೋಗವೊಂದಿದೆ. ಅಚ್ಚು ಹೊಯ್ದ ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲಬೆರಕೆ ಸೇರಿಕೊಂಡಿದ್ದರೆ ಲೋಹದ ಹರಳುಗಳ ನಡುವೆ ಒಳಗಿಂದೊಳಗೇ ಸವೆತ ಹಬ್ಬುತ್ತದೆ. ಮೊದಲು ಕೂದಲೆಳೆಯ ಬಿರುಕು, ಆಮೇಲೆ ಊತ, ಕೊನೆಗೆ ಬೆರಳಿನಲ್ಲಿ ಹಿಸುಕಿದರೆ ಪುಡಿ. ಎರಡು ಮಹಾಯುದ್ಧಗಳ ನಡುವಿನ ಕಾಲದ ಆಟಿಕೆ ರೈಲುಗಳಲ್ಲಿ ಇದು ಹೆಚ್ಚು. ಅಮೆರಿಕದ ನ್ಯೂಜೆರ್ಸಿ ಝಿಂಕ್ ಕಂಪನಿ 1929ರಲ್ಲಿ ಅತಿ ಶುದ್ಧ ಸತುವಿನಿಂದ ಝಮ್ಯಾಕ್ ಮಿಶ್ರಲೋಹಗಳನ್ನು ರೂಪಿಸಿದ್ದೇ ಈ ತೊಂದರೆ ತಪ್ಪಿಸಲು. ಶುದ್ಧತೆಯಲ್ಲಿ ಜಾಗರೂಕತೆ ತಪ್ಪಿದ ಕಡೆ ಇತ್ತೀಚಿನ ಮಾದರಿಗಳಲ್ಲೂ ರೋಗ ಕಾಣಿಸಿಕೊಂಡಿದೆ. ತೇವ ಮತ್ತು ಶಾಖ ಅದನ್ನು ಬೇಗ ಮುಂದುವರಿಸುತ್ತವೆ. ಮದ್ದಿಲ್ಲ, ಕೆಟ್ಟ ಭಾಗದ ಅಚ್ಚನ್ನು ತೆಗೆದು ಹಿತ್ತಾಳೆಯಲ್ಲೋ ಮೂರು ಆಯಾಮದ ಮುದ್ರಣದಲ್ಲೋ ಹೊಸದು ಮಾಡಿಸಬೇಕು.

ಇನ್ನೆರಡು ಗುಪ್ತ ಅಪಾಯಗಳನ್ನು ಕಟ್ಟಿದವರೇ ತಿಳಿಯದೆ ಇಟ್ಟಿರುತ್ತಾರೆ. ತೂಕಕ್ಕೆಂದು ಇಂಜಿನ್ನಿನ ಬಾಯ್ಲರ್ ಒಳಗೆ ಸೀಸದ ಗುಂಡುಗಳನ್ನು ಪಿವಿಎ ಅಂಟಿನಿಂದ ಕೂರಿಸಿದ್ದರೆ, ಅಂಟಿನಿಂದ ಹೊರಡುವ ಅಸಿಟಿಕ್ ಆಮ್ಲ ಸೀಸವನ್ನು ಬಿಳಿ ಪುಡಿಯಾಗಿ ಬದಲಿಸಿ ಅದು ಊದುತ್ತ ಊದುತ್ತ ಬಾಯ್ಲರನ್ನೇ ಸೀಳುತ್ತದೆ. ಅಲ್ಲಿ ಎಪಾಕ್ಸಿ ಅಂಟು ಬಳಸಬೇಕಿತ್ತು. ಇನ್ನೊಂದು, ಪಿವಿಸಿ ಹೊದಿಕೆಯ ತಂತಿ. ಅದರೊಳಗಿನ ಮೆದುಕಾರಕ ಹೊರಬಂದು, ತಗುಲಿಕೊಂಡಿರುವ ಪಾಲಿಸ್ಟೈರೀನ್ ಕಟ್ಟಡ ಇಲ್ಲವೇ ಬೋಗಿಯ ಮೈಯನ್ನು ಕರಗಿಸುತ್ತದೆ. ತಂತಿಯ ಹೊದಿಕೆ ಪೆಡಸಾಗಿ ಒಡೆಯುತ್ತದೆ. ಥರ್ಮೊಕೋಲ್‌ನಲ್ಲಿ ಗುಡ್ಡ ಮಾಡಿ ಅದರೊಳಗೆ ತಂತಿ ಹಾಯಿಸಿದ್ದರೆ ತಂತಿಯನ್ನು ಕಾಗದದ ಕೊಳವೆಯೊಳಗೆ ಸೇರಿಸಿ ಬೇರ್ಪಡಿಸಬೇಕು.

ದೃಶ್ಯ

ಬಣ್ಣ ಹಚ್ಚಿದ ಮರದ ಹೊಟ್ಟಿನ ಹುಲ್ಲು ಬಿಸಿಲಿಗೆ ಮಾಸಿ ಕಂದಾಗುತ್ತದೆ. ಪೊದೆಗಳಿಗೆ ಬಳಸುತ್ತಿದ್ದ ಕಲ್ಲುಹೂವಿನ ಜಾತಿಯ ಒಣಸಸ್ಯವನ್ನು ಗ್ಲಿಸರಿನ್‌ನಲ್ಲಿ ಅದ್ದಿ ಮೆದುವಾಗಿಟ್ಟಿರುತ್ತಾರೆ. ಗ್ಲಿಸರಿನ್ ಆರಿದರೆ ಅದು ಮುಟ್ಟಿದರೆ ಉದುರುತ್ತದೆ, ಮತ್ತೆ ಗ್ಲಿಸರಿನ್ ನೀರು ಚಿಮುಕಿಸಿದರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ರಟ್ಟಿನ ಮನೆಗಳ ಅಂಟನ್ನು ಬೆಳ್ಳಿಮೀನು ಹುಳ ತಿನ್ನುತ್ತದೆ, ಸುರಂಗಗಳಲ್ಲಿ ಇಲಿ ಗೂಡು ಕಟ್ಟುತ್ತದೆ. ಧೂಳನ್ನು ಮೆತ್ತನೆಯ ಕುಂಚದಿಂದ ಎಬ್ಬಿಸುತ್ತ, ತೆಳು ಬಟ್ಟೆ ಕಟ್ಟಿದ ವ್ಯಾಕ್ಯೂಮ್ ಮೂತಿಯಿಂದ ಎಳೆದುಕೊಳ್ಳಬೇಕು. ಕಳಚಿದ ಬಿಡಿಭಾಗ ಬಟ್ಟೆಗೆ ಸಿಕ್ಕು ಉಳಿಯುತ್ತದೆ. ಹಳೆಯ ಗುಡ್ಡಗಳನ್ನು ಕೆರೆಯುವಾಗ ಮುಖಗವಸು ತೊಟ್ಟುಕೊಳ್ಳಲೇಬೇಕು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಗುಡ್ಡದ ಗಾರೆಗೆ ಕಲ್ನಾರಿನ ಪುಡಿ ಬೆರೆಸಿದವರೂ ಇದ್ದರು. ಸಂಶಯವಿದ್ದರೆ ಒಣಗಿದ್ದಾಗ ಮುಟ್ಟದೆ ಪರೀಕ್ಷೆಗೆ ಕಳಿಸುವುದು ಕ್ಷೇಮ.

ಮನೆ ಮತ್ತು ಮನುಷ್ಯರಿಗೆ ತಕ್ಕ ಮಾರ್ಪಾಟು

ಮಾರ್ಗದ ಜೊತೆ ಅದರ ಒಡೆಯರೂ ಹಳಬರಾಗುತ್ತಾರೆ. ಇಪ್ಪತ್ತೈದರಲ್ಲಿ ಬಗ್ಗಿ ನುಸುಳುತ್ತಿದ್ದ ಹಲಗೆಯ ಕೆಳದಾರಿ ಎಪ್ಪತ್ತರಲ್ಲಿ ಮೊಣಕಾಲಿಗೆ ಆಗಿಬರುವುದಿಲ್ಲ. ಅಲ್ಲಿ ಕೀಲು ಹಾಕಿದ ಎತ್ತುಸೇತುವೆ ಇಲ್ಲವೇ ಪಕ್ಕಕ್ಕೆ ತೆರೆಯುವ ಬಾಗಿಲು ಮಾಡಿ, ಬಾಗಿಲು ತೆರೆದಾಗ ಎರಡೂ ಕಡೆಯ ಒಂದು ಮೀಟರಿನಷ್ಟು ಹಳಿಗೆ ವಿದ್ಯುತ್ತು ತಾನಾಗಿ ಕಡಿಯುವಂತೆ ಸ್ವಿಚ್ಚು ಇಟ್ಟರೆ ಇಂಜಿನ್ ನೆಲಕ್ಕೆ ಧುಮುಕುವುದಿಲ್ಲ. ನಿಂತು ನೋಡಲೆಂದು ಎದೆಯೆತ್ತರಕ್ಕೆ ಕಟ್ಟಿದ ಹಲಗೆಯ ಕಾಲುಗಳನ್ನು ಕತ್ತರಿಸಿ ಕುರ್ಚಿಯಲ್ಲಿ, ಗಾಲಿಕುರ್ಚಿಯಲ್ಲಿ ಕೂತು ಓಡಿಸುವ ಎತ್ತರಕ್ಕೆ ಇಳಿಸಬಹುದು. ತೋಳಿಗೆ ಎಟುಕುವುದು ಸುಮಾರು 75 ಸೆಂಮೀ. ಅದಕ್ಕಿಂತ ಹಿಂದಿರುವ ಪಾಯಿಂಟುಗಳನ್ನು ಮುಂದಕ್ಕೆ ತರಬೇಕು, ಇಲ್ಲವೇ ಅಲ್ಲಿ ಪಾಯಿಂಟೇ ಬೇಡ. ಕೈ ನಡುಗುವವರಿಗೆ ಬೋಗಿಗಳ ಕೊಕ್ಕೆ ಬಿಡಿಸುವುದು ಕಷ್ಟ. ಹಳಿಯಡಿಯ ಅಯಸ್ಕಾಂತದ ಮೇಲೆ ನಿಂತಾಗ ತಾನೇ ಬಿಡುವ ಕೇಡೀ ಕೊಂಡಿಗಳು ಆ ಕಷ್ಟ ತಪ್ಪಿಸುತ್ತವೆ. ಈ ಬದಲಾವಣೆಗಳಿಗೆ ಡಿಜಿಟಲ್ ಸಲಕರಣೆಗಳಷ್ಟು ಪ್ರಚಾರವಿಲ್ಲ. ಆದರೆ ಎಷ್ಟೋ ಮಾರ್ಗಗಳು ನಿಂತುಹೋಗುವುದು ತಂತಿ ಕೆಟ್ಟಿದ್ದರಿಂದಲ್ಲ, ಒಡೆಯರಿಗೆ ಅಲ್ಲಿಗೆ ಹತ್ತಿ ಇಳಿಯಲಾಗದ್ದರಿಂದ.

ಮನೆ ಬದಲಾದಂತೆ ಮಾರ್ಗವನ್ನೂ ಹೊಂದಿಸಿಕೊಂಡದ್ದಕ್ಕೆ ಅತಿ ಸುಂದರ ನಿದರ್ಶನ ಪೀಟರ್ ಡೆನ್ನಿ ಎಂಬ ಇಂಗ್ಲಿಷ್ ಪಾದ್ರಿಯ ಬಕಿಂಗ್‌ಹ್ಯಾಮ್ ಮಾರ್ಗ. 1940ರ ದಶಕದಲ್ಲಿ ತೊಡಗಿ, ವಾಸ ಬದಲಾದಂತೆಲ್ಲ ಅವರು ಅದನ್ನು ಬಿಚ್ಚಿ, ಒಯ್ದು, ಹೊಸ ಕೋಣೆಗೆ ಹೊಂದಿಸಿ ಕಟ್ಟಿದರು. ರಟ್ಟಿನಲ್ಲಿ ಕೈಯಾರೆ ಮಾಡಿದ ಬೋಗಿಗಳು ಅದರಲ್ಲಿ ದಶಕಗಳ ಕಾಲ ಓಡಿದವು. ದೂರದ ನಿಲ್ದಾಣವನ್ನು ನೋಡಿಕೊಳ್ಳುತ್ತಿದ್ದ ಮಗ ಕ್ರಿಸ್ಪಿನ್‌ನ ಕೆಲಸ ಮಾಡಲು ಅವರು ಯಂತ್ರವೊಂದನ್ನು ರಚಿಸಿ ಅದಕ್ಕೆ ಆಟೊಮ್ಯಾಟಿಕ್ ಕ್ರಿಸ್ಪಿನ್ ಎಂದೇ ಹೆಸರಿಟ್ಟರು. ಡೆನ್ನಿ 2009ರಲ್ಲಿ ತೀರಿಕೊಂಡ ಮೇಲೂ ಮಾರ್ಗ ಚದುರಿಹೋಗದೆ ಇನ್ನೊಬ್ಬ ಹವ್ಯಾಸಿಯ ಆರೈಕೆಯಲ್ಲಿ ಓಡುವ ಸ್ಥಿತಿಯಲ್ಲಿ ಉಳಿಯಿತು. ಜಾನ್ ಅಹರ್ನ್ ಅವರ ಮ್ಯಾಡರ್ ವ್ಯಾಲಿ ಮಾರ್ಗ ಆಕ್ಸ್‌ಫರ್ಡ್‌ಶೈರಿನ ಪೆಂಡನ್ ಸಂಗ್ರಹಾಲಯ ಸೇರಿತು. ಎಲ್ಲರಿಗೂ ಆ ಭಾಗ್ಯವಿಲ್ಲ: ಕ್ಯಾಲಿಫೋರ್ನಿಯಾದ ಜಾನ್ ಅಲೆನ್ 1973ರ ಜನವರಿಯಲ್ಲಿ ತೀರಿಕೊಂಡ ಕೆಲವೇ ದಿನಗಳಲ್ಲಿ ಅವರ ಹೆಸರಾಂತ ಗೋರಿ ಆ್ಯಂಡ್ ಡಿಫೀಟೆಡ್ ಮಾರ್ಗ ಬೆಂಕಿಗೆ ಬಲಿಯಾಯಿತು.

ಭಾರತದಲ್ಲಿ

ನಮ್ಮಲ್ಲಿ ಈ ಹವ್ಯಾಸ ವಿರಳ. ಪುಣೆಯಲ್ಲಿ 1998ರಲ್ಲಿ ತೆರೆದ ಜೋಶಿ ಮಿನಿಯೇಚರ್ ರೈಲ್ವೆ ಸಂಗ್ರಹಾಲಯ ಒಬ್ಬ ಹವ್ಯಾಸಿಯ ಶ್ರಮದಿಂದ ಬೆಳೆದದ್ದು. ಭಾರತದ ಬ್ರಾಡ್‌ಗೇಜ್ 1676 ಮಿಮೀ. ಎಚ್‌ಒ ಪ್ರಮಾಣದಲ್ಲಿ ಅದು 19.26 ಮಿಮೀ ಆಗುತ್ತದೆ, ಆ ಅಗಲದ ಸಿದ್ಧ ಹಳಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಹಾಗಾಗಿ ಇಲ್ಲಿನವರು 16.5 ಮಿಮೀ ಹಳಿಯನ್ನೇ ಒಪ್ಪಿಕೊಳ್ಳುತ್ತಾರೆ. ಒಂದು ಕಾಲಕ್ಕೆ ಬೆಂಗಳೂರು–ಮೈಸೂರು ನಡುವೆ ಓಡಿದ ಮೀಟರ್‌ಗೇಜ್ ರೈಲನ್ನು ಮಾಡಬಯಸುವವರಿಗೆ ಅದೇ ಪ್ರಮಾಣದ 12 ಮಿಮೀ ಹಳಿ ಸ್ವಿಟ್ಜರ್ಲೆಂಡ್ ಮಾದರಿಗಳ ದೆಸೆಯಿಂದ ದೊರೆಯುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲದ ತೇವದಲ್ಲಿ ಚಿಪ್‌ಬೋರ್ಡ್ ಖಂಡಿತ ಸಲ್ಲದು. ಕುದಿನೀರಿಗೂ ಬಿಚ್ಚದ ದರ್ಜೆಯ ಪ್ಲೈವುಡ್ ಬಳಸಿ, ಕೆಳಮೈಗೂ ಅಂಚುಗಳಿಗೂ ವಾರ್ನಿಷ್ ಬಳಿಯಬೇಕು. ಗೆದ್ದಲಿನ ಕಡೆಗೂ ಕಣ್ಣಿರಬೇಕು.

ಬಿಚ್ಚುವುದು, ದಾಟಿಸುವುದು

ಮನೆ ಬದಲಾಗುವಾಗ ಅಥವಾ ಮಾರ್ಗ ಇನ್ನೊಬ್ಬರ ಕೈ ಸೇರುವಾಗ ಅದನ್ನು ತುಂಡು ಮಾಡಲೇಬೇಕಾಗುತ್ತದೆ. ಎಲ್ಲಿ ಕೊಯ್ಯಬೇಕೆಂಬುದನ್ನು ಕೆಳಗಿನ ಚೌಕಟ್ಟು ನೋಡಿ ತೀರ್ಮಾನಿಸಬೇಕು. ಪಾಯಿಂಟುಗಳ ಮೇಲೆ, ಸೇತುವೆಗಳ ಮೇಲೆ ಕೊಯ್ತ ಬರಬಾರದು. ಕೊಯ್ಯುವ ಗೆರೆಯ ಎರಡೂ ಬದಿಯಲ್ಲಿ ಹಿತ್ತಾಳೆಯ ತಿರುಪುಗಳನ್ನು ಹಲಗೆಗೆ ಇಳಿಸಿ ಹಳಿಯನ್ನು ಅವುಗಳ ತಲೆಗೆ ಬೆಸೆದ ಮೇಲೆ ತೆಳು ಚಕ್ರದಿಂದ ಹಳಿ ಕತ್ತರಿಸಿದರೆ, ಹೊಸ ಜಾಗದಲ್ಲಿ ತುದಿಗಳು ಕದಲದೆ ಒಂದಕ್ಕೊಂದು ಕೂಡುತ್ತವೆ. ತಂತಿಗಳನ್ನು ಕತ್ತರಿಸುವ ಮೊದಲು ಪ್ರತಿ ತುಂಡಿಗೂ ಸಂಖ್ಯೆ ಬರೆದ ಕನೆಕ್ಟರ್ ಪಟ್ಟಿ ಹಾಕಬೇಕು. ಮಾರ್ಗದ ಜೊತೆ ತಂತಿಯ ಪುಸ್ತಕ, ಬಳಸಿದ ಬಣ್ಣಗಳ ಹೆಸರು, ಅಂಟುಗಳ ಹೆಸರು, ಬಿಡಿಭಾಗದ ಡಬ್ಬಿಗಳು ಹೋಗಬೇಕು. ಡಿಸಿಸಿ ಇಂಜಿನ್‌ಗಳ ವಿಳಾಸಗಳ ಪಟ್ಟಿಯೂ ಬೇಕು. ಆ ಪಟ್ಟಿ ಕಳೆದಿದ್ದರೆ, ಹಲವು ಡಿಕೋಡರ್‌ಗಳಲ್ಲಿ 8ನೆಯ ಸೆಟ್ಟಿಂಗ್ ಖಾನೆಗೆ 8 ಎಂಬ ಅಂಕಿ ಬರೆದಾಗ ಅವು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿ 3 ಎಂಬ ವಿಳಾಸಕ್ಕೆ ಓಗೊಡುತ್ತವೆ. ಆಮೇಲೆ ಒಂದೊಂದಕ್ಕೂ ಇಂಜಿನ್ನಿನ ಮೈಮೇಲಿನ ಸಂಖ್ಯೆಯನ್ನೇ ವಿಳಾಸವಾಗಿ ಕೊಡಬಹುದು.